ಕಲ್ಲಕ್ಕ ಕಂಡದ್ದು

ಒಂದು ಆಟ ಪೂರ್ತಿ ಕೂತು ಆಡುತ್ತೇನೆ, ಮಧ್ಯದಲ್ಲಿ ಎದ್ದು ಹೋಗುವುದಿಲ್ಲ ಎಂದು ನಾನು ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಎಂಟು ವರ್ಷ. ಹಾವು ಏಣಿಯ ಹಲಗೆಯಲ್ಲಿ ನನ್ನ ಕಾಯಿ ನಲವತ್ತೇಳರಲ್ಲಿತ್ತು, ಅವಳದು ಎಪ್ಪತ್ತೆರಡರಲ್ಲಿ. ಅಷ್ಟರಲ್ಲಿ ಫೋನ್ ಬಂತು. ಯಾವುದೋ ಕಟ್ಟಡದಲ್ಲಿ ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ನಾಲ್ಕು ಜನ ಸಿಕ್ಕಿಕೊಂಡಿದ್ದರು. ನಾನು ಲಿಫ್ಟ್ ಮೆಕ್ಯಾನಿಕ್. ಜನ ಹೆಚ್ಚಾಗಿ ಮನೆಗೆ ಮರಳುವ ಹೊತ್ತಿನಲ್ಲಿ ಮತ್ತು ರಜಾದಿನಗಳಲ್ಲೇ ಲಿಫ್ಟುಗಳು ಕೆಡುತ್ತವೆ. ಚಪ್ಪಲಿ ಮೆಟ್ಟುತ್ತಾ ಆ ಮಾತು ಕೊಟ್ಟು ಹೋದೆ. ಬಂದು ನೋಡಿದರೆ ಮಗಳು ಮಲಗಿದ್ದಳು, ಹಲಗೆ ಹಾಗೇ ಇತ್ತು. ನನ್ನ ಕಾಯಿಯನ್ನು ಮಾತ್ರ ಯಾರೋ ತೆಗೆದು ತೊಂಬತ್ತೆಂಟರ ಹಾವಿನ ಬಾಯಿಗೆ ಇಟ್ಟಿದ್ದರು.

ಆಮೇಲೆ ಒಂಬತ್ತು ವರ್ಷ ಕಳೆಯಿತು. ನಡುವೆ ಕೇರಂ, ಇಸ್ಪೀಟು, ಚದುರಂಗ ಎಲ್ಲವನ್ನೂ ಶುರುಮಾಡಿದೆವು, ಯಾವುದನ್ನೂ ಮುಗಿಸಲಿಲ್ಲ. ಒಂದು ಚದುರಂಗವಂತೂ ಮೂರೇ ನಡೆಗೆ ನಿಂತಿತು. ನಾನು ಕೊಟ್ಟ ಮಾತನ್ನು ಮಗಳು ಒಮ್ಮೆಯೂ ನೆನಪಿಸಲಿಲ್ಲ. ಅದು ಅವಳಮ್ಮನಿಂದ ಬಂದ ಗುಣ. ಇಬ್ಬರೂ ಏನನ್ನೂ ನೆನಪಿಸುವುದಿಲ್ಲ, ಸುಮ್ಮನೆ ಒಮ್ಮೆ ನೋಡಿ ಬೇರೆ ಕೆಲಸಕ್ಕೆ ಹೋಗುತ್ತಾರೆ.

ಹದಿಮೂರಕ್ಕೆ ಅವಳು ನನ್ನನ್ನು ಬಿಟ್ಟು ಬೇರೆ ಜೊತೆ ಹುಡುಕಿಕೊಂಡಳು. ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಒಂದು ಮೇಜು ಹಾಕಿಕೊಂಡು ನಾಲ್ಕು ಜನ ಆಡುತ್ತಿದ್ದರು. ಕೂತಲ್ಲೇ ಸುಳ್ಳು ಹೇಳುವ ಆಟ ಎಂದು ನನ್ನ ಹೆಂಡತಿ ಅದಕ್ಕೆ ಹೆಸರಿಟ್ಟಿದ್ದಳು. ಅದರಲ್ಲಿ ಹಲಗೆಯಿಲ್ಲ, ಗೆಲ್ಲುವವರೂ ಇಲ್ಲ. ಒಬ್ಬರು ಕಥೆ ನಡೆಸಬೇಕು, ಆ ಕೆಲಸ ನನ್ನ ಮಗಳದು. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರ. ಎದುರಿಗೆ ನದಿ ಇದೆ, ದೋಣಿಯಿಲ್ಲ, ಏನು ಮಾಡುತ್ತೀರಿ ಎಂದು ಅವಳು ಕೇಳುತ್ತಾಳೆ. ಅವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂದು ಅನುಮಾನ ಬಂದರೆ ಇಪ್ಪತ್ತು ಮುಖದ ಒಂದು ದಾಳ ಉರುಳಿಸಿ ತೀರ್ಮಾನ ಮಾಡುತ್ತಾರೆ.

ಅಂಗಡಿಯ ಯಜಮಾನನನ್ನು ಎಲ್ಲರೂ ಜೆರಾಕ್ಸ್ ಮಾಮ ಎನ್ನುತ್ತಾರೆ. ಐವತ್ತೈದು ವರ್ಷ, ಎರಡೂ ಮಂಡಿ ನೋವು, ಮೇಲಿನ ಕಪಾಟಿನಿಂದ ಕಾಗದ ತೆಗೆಯಲು ಗಿರಾಕಿಯನ್ನೇ ಸ್ಟೂಲ್ ಹತ್ತಿಸುತ್ತಾರೆ. ಆಟದಲ್ಲಿ ಅವರು ಗೋಡೆಯಿಂದ ಗೋಡೆಗೆ ಹಾರುವ ಜೇಬುಗಳ್ಳ. ಮಗಳ ಜೊತೆ ಓದುವ ಹುಡುಗಿಯೊಬ್ಬಳಿದ್ದಾಳೆ, ಊದಿದರೆ ಹಾರಿಹೋಗುವಂತಿದ್ದಾಳೆ, ಬಾಯಿಗೆ ಮಾತ್ರ ಬಿಡುವಿಲ್ಲ, ಅದಕ್ಕೇ ಅವಳು ಗುಬ್ಬಿ. ಆಟದಲ್ಲಿ ಗುಬ್ಬಿ ಎಂಟಡಿ ಎತ್ತರದ ರಾಕ್ಷಸ. ನಾಲ್ಕನೆಯವರು ನರ್ಸಕ್ಕ, ಆಸ್ಪತ್ರೆಯಲ್ಲಿ ಕೆಲಸ, ಎರಡು ಮಕ್ಕಳ ತಾಯಿ. ಅವರ ಪಾತ್ರ ಕಲ್ಲಕ್ಕ.

ಕಲ್ಲಕ್ಕನ ಸುದ್ದಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಬರುತ್ತಿತ್ತು. ಈಟಿ ಹಿಡಿದ ಕಾವಲುಗಾತಿ ಆಕೆ. ಮಾತಿಲ್ಲ, ಸಿಟ್ಟಿಲ್ಲ, ಅವಸರವಿಲ್ಲ. ಸೇತುವೆಯ ಮೇಲೆ ಹದಿನಾರು ಜನ ದರೋಡೆಕೋರರು ಅಡ್ಡಗಟ್ಟಿದಾಗ ರಾಕ್ಷಸ ಕೂಗಾಡಿದನಂತೆ, ಜೇಬುಗಳ್ಳ ಕಾಲಿಗೆ ಬಿದ್ದನಂತೆ. ಕಲ್ಲಕ್ಕ ಏನು ಮಾಡುತ್ತಾಳೆ ಎಂದು ಮಗಳು ಕೇಳಿದಾಗ ನರ್ಸಕ್ಕ ನಿಧಾನವಾಗಿ ಕಣ್ಣೆತ್ತಿ, ಕಲ್ಲಕ್ಕ ನೋಡ್ತಾ ನಿಂತಿರ್ತಾಳೆ ಎಂದರಂತೆ. ಅದನ್ನು ಹೇಳಿದ ರೀತಿಗೇ ಮೈ ಜುಮ್ಮೆಂದು ಮಗಳು ದಾಳ ಕೂಡ ಉರುಳಿಸದೆ ದರೋಡೆಕೋರರನ್ನು ಓಡಿಸಿಬಿಟ್ಟಳಂತೆ. ಹೀಗೆ ನಾಲ್ಕು ವರ್ಷ ಕಲ್ಲಕ್ಕ ನೋಡುತ್ತಾ ನಿಂತಳು. ಅಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಆಡಿದ್ದು ಹನ್ನೊಂದೇ ಮಾತು. ಅಷ್ಟನ್ನೂ ಗುಬ್ಬಿ ತಾರೀಕಿನ ಸಮೇತ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು.

ಕಥೆ ಮುಗಿಯಲು ಇನ್ನೆರಡೇ ಭಾನುವಾರ ಇದ್ದಾಗ ನರ್ಸಕ್ಕನಿಗೆ ಬೇರೆ ಊರಿಗೆ ವರ್ಗವಾಯಿತು. ಮೂರು ದಿನದಲ್ಲಿ ಸಾಮಾನು ಕಟ್ಟಿ ಹೊರಟೇಹೋದರು. ಹೋಗುವಾಗ ಕಲ್ಲಕ್ಕನ ವಿವರ ಬರೆದ ಹಾಳೆಯನ್ನು ಮಗಳ ಕೈಗಿತ್ತು, ಯಾರಾದರೂ ಒಳ್ಳೆಯವರಿಗೆ ಕೊಡು ಎಂದರಂತೆ, ನಾಯಿಮರಿ ಕೊಟ್ಟ ಹಾಗೆ.

ಮಗಳು ಐದು ಹೆಸರಿನ ಪಟ್ಟಿ ಮಾಡಿದಳು. ಮೊದಲನೆಯವರು ಜೆರಾಕ್ಸ್ ಮಾಮನ ಹೆಂಡತಿ, ಭಾನುವಾರ ಒಂದು ದಿನವಾದರೂ ಅವರ ಮುಖ ನೋಡದೆ ಇರುತ್ತೇನೆ, ಬಿಡು ಎಂದರು. ಎರಡನೆಯವಳಿಗೆ ಪರೀಕ್ಷೆ. ಮೂರನೆಯವಳು ಬರುತ್ತೇನೆಂದು ಹೇಳಿ ಫೋನ್ ಎತ್ತಲಿಲ್ಲ. ನಾಲ್ಕನೆಯವಳು ಅವಳ ಅಮ್ಮ, ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದೆಲ್ಲ ನಿಮ್ಮಪ್ಪನ ಕಡೆಯವರಿಗೆ ಎಂದಳು. ಐದನೆಯವನು ನಾನು.

"ನಿನಗಾಗಲ್ಲ ಅಂತ ಗೊತ್ತು ಅಪ್ಪಾ. ಪಟ್ಟೀಲಿ ಹೆಸರಿದೆ ಅಂತ ಕೇಳ್ತಿದೀನಿ," ಎಂದಳು.

ಇಂಥ ಕರೆಗೆ ಯಾವ ತಂದೆ ಇಲ್ಲ ಎನ್ನುತ್ತಾನೆ? ಬರುತ್ತೇನೆ ಎಂದೆ. ಹೆಂಡತಿ ತಟ್ಟೆ ತೊಳೆಯುತ್ತಾ ಹಿಂತಿರುಗಿ ಒಮ್ಮೆ ನೋಡಿದಳು.

ಮೊದಲ ಭಾನುವಾರ ಹೋದೆ. ಮಗಳು ನನ್ನನ್ನು ಅಪ್ಪಾ ಎನ್ನದೆ ಕಲ್ಲಕ್ಕ ಎಂದೇ ಕರೆದಳು. ಕಥೆಯಲ್ಲಿ ಮೂವರೂ ಒಂದು ಗುಹೆ ಹೊಕ್ಕಿದ್ದರು. ಚಾವಣಿ ಕುಸಿದು ದಾರಿ ಮುಚ್ಚಿತು, ಕಲ್ಲುರಾಶಿಯ ಆಚೆ ಕೆಲವು ದಾರಿಹೋಕರು ಸಿಕ್ಕಿಬಿದ್ದು ಅಳುತ್ತಿದ್ದರು. ಕಲ್ಲಕ್ಕ ಏನು ಮಾಡುತ್ತಾಳೆ ಎಂದು ಮಗಳು ಕೇಳಿದಳು. ಸಿಕ್ಕಿಬಿದ್ದವರು ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೆರಡು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂತು.

"ಗಾಬರಿ ಬೀಳಬೇಡಿ, ಗಾಳಿ ಬರ್ತಾ ಇರುತ್ತೆ," ಎಂದೆ. "ಒಳಗೆ ಒಟ್ಟು ಎಷ್ಟು ಜನ ಇದೀರಿ? ಯಾರಿಗಾದ್ರೂ ಉಸಿರಾಟದ ತೊಂದರೆ ಇದೆಯಾ? ಮಕ್ಕಳಿದ್ರೆ ಕೂರಿಸಿ. ಬಾಗಿಲಿಗೆ ಒರಗಬೇಡಿ."

ಗುಬ್ಬಿಯ ಬಾಯಿ ತೆರೆದೇ ಇತ್ತು, ಆದರೆ ಮಾತು ಹೊರಡಲಿಲ್ಲ. ಅದೇ ಒಂದು ಅಪಶಕುನ. ಜೆರಾಕ್ಸ್ ಮಾಮ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಕಲ್ಲಕ್ಕ ಹಾಗೆ ಮಾತಾಡಲ್ಲ, ಮೆಕ್ಯಾನಿಕ್ಕೇ."

"ನಾಲ್ಕು ವರ್ಷಕ್ಕೆ ಹನ್ನೊಂದು ಮಾತು ಅಂಕಲ್," ಎಂದಳು ಗುಬ್ಬಿ ಪುಸ್ತಕ ತೆರೆದು. "ನೀವು ಒಂದೇ ಉಸಿರಿಗೆ ಐದು ಆಡಿದ್ರಿ."

ನಮ್ಮ ಕೆಲಸದಲ್ಲಿ ಮೊದಲು ಕಲಿಯುವುದೇ ಅದು ಎಂದು ಅವರಿಗೆ ವಿವರಿಸಲು ಹೊರಟೆ. ಲಿಫ್ಟಿನೊಳಗೆ ಸಿಕ್ಕಿದವರ ಜೊತೆ ಮಾತು ನಿಲ್ಲಿಸಬಾರದು. ಹೊರಗಿನವನು ಸುಮ್ಮನಾದರೆ ಒಳಗಿನವರು ತಮ್ಮನ್ನು ಬಿಟ್ಟುಹೋದರು ಎಂದುಕೊಳ್ಳುತ್ತಾರೆ. ಎರಡನೆಯದು, ಸುಳ್ಳು ಹೇಳಬಾರದು. ಐದು ನಿಮಿಷ ಎಂದು ಹೇಳಿ ಅರ್ಧ ಗಂಟೆ ಮಾಡಿದರೆ ಆರನೇ ನಿಮಿಷಕ್ಕೆ ಬಾಗಿಲು ಒದೆಯಲು ಶುರುಮಾಡುತ್ತಾರೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಮಗಳು, ಸರಿ, ಕಲ್ಲಕ್ಕ ಏನು ಮಾಡ್ತಾಳೆ ಎಂದು ಮತ್ತೆ ಕೇಳಿದಳು. ನೋಡ್ತಾ ನಿಂತಿರ್ತಾಳೆ ಎಂದೆ. ಹೇಳಿದ್ದು ಸರಿ ಬರಲಿಲ್ಲ. ಬಸ್ಸು ತಪ್ಪಿಸಿಕೊಂಡವನ ದನಿಯಾಗಿತ್ತು ಅದು.

ಮೂರೂವರೆಗೆ ಫೋನ್ ಬಂತು. ಮುದುಕರಿಬ್ಬರು ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದರು. ನಾನು ಎದ್ದೆ. ಮಗಳು ಕಲ್ಲಕ್ಕನ ಹಾಳೆಯನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು, ದೂಳು ಬೀಳದಿರಲಿ ಎಂಬಂತೆ.

ಅದಾದ ಮೇಲೆ ಸೋಮವಾರ ಬೆಳಗ್ಗೆ ತಿಂಡಿ ತಿನ್ನುವಾಗ ಅವಳೇ ವಿಷಯ ತೆಗೆದಳು. ಮುಂದಿನ ಭಾನುವಾರ ಕೊನೆಯ ಆಟ. ಕಥೆಯಲ್ಲಿ ಮೂವರಿಗೂ ತಮ್ಮ ಊರು ತಪ್ಪಿಹೋಗಿ ನಾಲ್ಕು ವರ್ಷ, ಈಗ ಅವರು ಊರಬಾಗಿಲಿನ ಎದುರು ನಿಲ್ಲುತ್ತಾರೆ. ಬಾಗಿಲಿಗೆ ಬಾಯಿದೆ, ಅದು ಕಾವಲುಗಾರರನ್ನು ಮಾತ್ರ ಕೇಳುತ್ತದೆ, ಒಂದೇ ಪ್ರಶ್ನೆ: ಇಷ್ಟು ವರ್ಷ ನೀನು ಏನು ಕಂಡೆ? ನಿಜ ಹೇಳಿದರೆ ತೆರೆಯುತ್ತದೆ. ಸುಳ್ಳಾದರೆ ಇಲ್ಲ, ಕಥೆ ಹೊರಗಡೆಯೇ ಮುಗಿಯುತ್ತದೆ.

ಉತ್ತರ ಏನು ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ ಅಪ್ಪಾ. ನರ್ಸಕ್ಕ ಹೇಳ್ತಾರೆ ಅಂತ ಮೂರು ವರ್ಷದಿಂದ ಕಾದಿದ್ದೆ. ಕಲ್ಲಕ್ಕ ಅಷ್ಟೊತ್ತು ನಿಂತು ಏನು ನೋಡ್ತಿದ್ಲು ಅಂತ."

ನಾನು ಹೇಗಾದರೂ ಹೇಳುತ್ತೇನೆ, ನೀನು ಬಾಗಿಲು ತೆರೆದುಬಿಡು ಎಂದೆ. ಅದಕ್ಕವಳು ಚಮಚ ಕೆಳಗಿಟ್ಟಳು. ಹೇಗಾದರೂ ಮುಗಿಸಲು ಅವಳಿಗೆ ಇಷ್ಟವಿಲ್ಲ. ಸುಳ್ಳು ಅನಿಸಿದರೆ ಮುಚ್ಚಿಯೇ ಇರುತ್ತದೆ, ನೀನು ಅಪ್ಪ ಅಂತ ತೆರೆಯೋಲ್ಲ ಎಂದಳು. ಅವಳು ಕಟ್ಟಿದ ಕಥೆಯ ಕಡತ ಮೇಜಿನ ಮೇಲಿತ್ತು, ನನ್ನ ಕಂಪನಿಯ ಹತ್ತು ವರ್ಷದ ತಪಾಸಣೆ ವರದಿಗಿಂತ ದಪ್ಪ. ಅಷ್ಟೂ ಈಗ ನನ್ನ ಬಾಯಿಯ ಮೇಲೆ ನಿಂತಿತ್ತು.

ಆ ದಿನ ಮಧ್ಯಾಹ್ನ ಬಿಡುವಿನಲ್ಲಿ ನರ್ಸಕ್ಕನಿಗೆ ಫೋನ್ ಮಾಡಿದೆ. ಸಂಗತಿ ಹೇಳಿ, ಕಲ್ಲಕ್ಕ ನಿಜವಾಗಿ ಏನು ನೋಡುತ್ತಿದ್ದಳು, ಸ್ವಲ್ಪ ಬಿಡಿಸಿ ಹೇಳಿ ಎಂದೆ. ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

"ಅಣ್ಣಾ, ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ," ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. "ನಾನು ನಿದ್ದೆ ಮಾಡ್ತಿದ್ದೆ."

ಶನಿವಾರ ಅವರಿಗೆ ಯಾವಾಗಲೂ ರಾತ್ರಿ ಪಾಳಿ. ಭಾನುವಾರ ಬೆಳಗ್ಗೆ ಮನೆಗೆ ಬಂದು ಅಡುಗೆ ಮುಗಿಸಿ ಮಲಗಿದರೆ ಒಂದು ಸಲ ಮಕ್ಕಳು ಎಬ್ಬಿಸುತ್ತಾರೆ, ಒಂದು ಸಲ ಅತ್ತೆ, ಒಂದು ಸಲ ಗ್ಯಾಸಿನವನು, ಗಂಡ ಬಂದು ಮಲಗಿದ್ದೀಯಾ ಎಂದು ಕೇಳುವುದಕ್ಕೇ ಎಬ್ಬಿಸುತ್ತಾನೆ. ಜೆರಾಕ್ಸ್ ಅಂಗಡಿಗೆ ಮೊದಲ ಸಲ ಬಂದದ್ದು ಮಗನ ಪುಸ್ತಕ ಜೆರಾಕ್ಸ್ ಮಾಡಿಸಲು. ಆಟಕ್ಕೆ ಒಬ್ಬರು ಕಡಿಮೆ ಇದ್ದಾರೆ, ಕೂರಿ ಎಂದರು, ಕೂತರು, ಕೂತಲ್ಲೇ ಕಣ್ಣು ಮುಚ್ಚಿತು. ಗಂಟೆಗೊಮ್ಮೆ ಯಾರೋ ಕಲ್ಲಕ್ಕ ಏನು ಮಾಡುತ್ತಾಳೆ ಎನ್ನುತ್ತಿದ್ದರು. ನಡುವೆ ಏನಾಗಿದೆಯೋ ಗೊತ್ತಿಲ್ಲದ್ದರಿಂದ ನೋಡ್ತಾ ನಿಂತಿರ್ತಾಳೆ ಎನ್ನುತ್ತಿದ್ದರು. ಅದು ಯಾವುದಕ್ಕೂ ಹೊಂದುತ್ತಿತ್ತು.

ಸೇತುವೆಯ ವಿಷಯ ಕೇಳಿದೆ. ಯಾವ ಸೇತುವೆ ಎಂದರು.

ಹಾಗಾದರೆ ಆ ಹನ್ನೊಂದು ಮಾತು? ಗುಬ್ಬಿಯ ಪುಸ್ತಕದಿಂದ ನನಗೆ ಮೂರು ನೆನಪಿತ್ತು. ಬಾವಿಯ ಹತ್ತಿರ ಎಲ್ಲರೂ ಬಾಯಾರಿ ನಿಂತಿದ್ದಾಗ ಕಲ್ಲಕ್ಕ ಇದ್ದಕ್ಕಿದ್ದಂತೆ, ಬೆಳಗ್ಗೆವರೆಗೂ ನೀರು ಕುಡಿಸಬೇಡಿ ಎಂದಿದ್ದಳು. ಬೆಚ್ಚಿಬಿದ್ದ ಮಗಳು ಆ ಕ್ಷಣವೇ ಬಾವಿಯನ್ನು ವಿಷದ ಬಾವಿ ಮಾಡಿದ್ದಳು. ಅರಮನೆಯಲ್ಲಿ, ಇದು ಮುಗೀತು, ಬದಲಾಯಿಸಿ ಎಂದಿದ್ದಳು. ಅವತ್ತು ಇವರೆಲ್ಲ ಸೇರಿ ರಾಜನನ್ನೇ ಇಳಿಸಿದ್ದರು. ಇನ್ನೊಂದು ಸಲ, ಗಟ್ಟಿಯಾಗಿ ಮುಷ್ಟಿ ಹಿಡೀರಿ, ಸ್ವಲ್ಪ ಚುಚ್ಚುತ್ತೆ ಎಂದಿದ್ದಳು. ಮಾರನೇ ವಾರವೇ ಯುದ್ಧ ಶುರುವಾಗಿತ್ತು.

ನರ್ಸಕ್ಕ ನಗುತ್ತಾ ಕೆಮ್ಮತೊಡಗಿದರು. ವಾರ್ಡಿನ ಕನವರಿಕೆ ಅಣ್ಣಾ ಎಂದರು. ಆಮೇಲೆ ದನಿ ತಗ್ಗಿಸಿ, ಅದು ಕೆಟ್ಟದ್ದು ಅಂತ ಗೊತ್ತು, ಮಕ್ಕಳು ಅಷ್ಟು ಪ್ರೀತಿಯಿಂದ ಆಡುತ್ತಿದ್ದರು, ಹೇಳಿಬಿಡಬೇಕು ಅಂತ ಪ್ರತಿ ವಾರ ಅಂದುಕೊಂಡು ಬರುತ್ತಿದ್ದೆ ಎಂದರು.

"ಹೇಳೋಕೆ ಬಾಯಿ ಬರ್ಲಿಲ್ಲ. ವಾರದಲ್ಲಿ ನನ್ನ ಯಾರೂ ಎಬ್ಬಿಸದೇ ಇದ್ದ ಜಾಗ ಅದೊಂದೇ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಗು ಬಂತು. ಆಮೇಲೆ ಚಿಂತೆಯಾಯಿತು. ನಾಲ್ಕು ವರ್ಷ ನಿದ್ದೆ ಮಾಡಿದವಳು ಏನು ಕಂಡಳು ಎಂದು ನಾಲ್ಕು ವರ್ಷ ಅಲ್ಲಿ ಇಲ್ಲದೇ ಇದ್ದವನು ಹೇಳಬೇಕು. ಅದೂ ನಿಜ ಹೇಳಬೇಕು.

ಸರಿ, ಒಂದು ಒಳ್ಳೆಯ ಉತ್ತರ ಕಟ್ಟೋಣ ಎಂದು ತಯಾರಿಗೆ ಇಳಿದೆ. ಡ್ಯೂಟಿ ಹಾಳೆ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಮಾಮನ ಅಂಗಡಿಗೆ ಹೋಗಿ, ಕಥೆಯಲ್ಲಿ ಏನೇನಾಯಿತು ಎಂದು ಕೇಳಿದೆ. ಬೇಕಾದ್ದು ಎರಡು ಪ್ರತಿ, ಅವರು ಹೇಳಿ ಮುಗಿಸುವ ಹೊತ್ತಿಗೆ ನಲವತ್ತು ಬಂದಿತ್ತು. ಜೇಬುಗಳ್ಳ ಕಾಡಿನಲ್ಲಿ ಇಡೀ ರಾತ್ರಿ ಮರದ ಮೇಲೆ ಕೂತು ತೋಳಗಳು ಬರದಂತೆ ಕಾವಲು ಕಾದದ್ದನ್ನು ಹೇಳುವಾಗ ಅವರು ಮಂಡಿನೋವು ಮರೆತು ಸ್ಟೂಲ್ ಹತ್ತಿದ್ದರು. ಯಾಕೆ ಮಲಗಲಿಲ್ಲ ಎಂದರೆ, ಕೆಳಗೆ ಕಲ್ಲಕ್ಕ ನಿಂತಿದ್ದಳಲ್ಲ, ಅವಳೊಬ್ಬಳನ್ನೇ ಬಿಟ್ಟು ಮಲಗೋಕಾಗುತ್ತಾ ಎಂದರು. ಗುಬ್ಬಿಯನ್ನು ಬಸ್ ಸ್ಟಾಪಿನಲ್ಲಿ ಹಿಡಿದೆ. ಅವಳು ಎರಡು ಬಸ್ಸು ಬಿಟ್ಟು ಕಥೆ ಹೇಳಿದಳು. ಅವಳ ಕಥೆಯಲ್ಲಿ ಕಾವಲು ಕಾದದ್ದು ರಾಕ್ಷಸ, ಜೇಬುಗಳ್ಳ ಮರದ ಮೇಲೆ ಬರೀ ಅಳುತ್ತಿದ್ದ. ಹೇಗಿದ್ದರೂ ಕಾರಣ ಅದೇ. ಕಲ್ಲಕ್ಕ ನಿಂತಿದ್ದಳು, ಅದಕ್ಕೆ ಇವರೂ ನಿಂತರು.

ಎಲ್ಲ ಸೇರಿಸಿ ತಪಾಸಣೆ ನಮೂನೆಯ ಹಿಂಬದಿಯಲ್ಲಿ ಒಂದೂವರೆ ಪುಟ ಬರೆದೆ. ಕಲ್ಲಕ್ಕ ಕಂಡ ನದಿಗಳು, ಕಲ್ಲಕ್ಕ ಕಂಡ ಚುಕ್ಕಿಗಳು, ಮನುಷ್ಯರ ದುರಾಸೆ ಇತ್ಯಾದಿ. ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಹಗ್ಗಗಳಿಗೆ ಗ್ರೀಸ್ ಹಚ್ಚುವಾಗ ಜೋರಾಗಿ ಹೇಳಿ ಅಭ್ಯಾಸ ಮಾಡಿದೆ. ಬಾವಿಯಂಥ ಆ ಜಾಗದಲ್ಲಿ ನನ್ನ ದನಿ ಬಹಳ ಗಂಭೀರವಾಗಿ ಕೇಳಿಸಿತು. ನಾಲ್ಕನೇ ಮಹಡಿಯ ಹೆಂಗಸೊಬ್ಬರು ಬಾಗಿಲ ಸಂದಿಯಿಂದ, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದೀರಾ ಎಂದು ಕೇಳಿದರು.

ಭಾನುವಾರದ ಡ್ಯೂಟಿಯನ್ನು ನನ್ನ ಜೊತೆಯ ಮೆಕ್ಯಾನಿಕ್ಕಿಗೆ ಕೊಟ್ಟೆ. ಅವನನ್ನು ಸ್ಪ್ಯಾನರ್ ಎನ್ನುತ್ತೇವೆ. ಬದಲಿಗೆ ಅವನ ಎರಡು ಭಾನುವಾರ ನಾನು ಮಾಡಬೇಕು, ಅವನ ಅತ್ತೆಯ ಮನೆಯ ಲಿಫ್ಟನ್ನು ಪುಕ್ಕಟೆ ನೋಡಿಕೊಡಬೇಕು ಎಂದು ಒಪ್ಪಂದವಾಯಿತು.

ಎರಡಕ್ಕೆ ಹೋಗಿ ಕೂತೆ. ಅವತ್ತು ಬಾಯಿ ಬಿಗಿಹಿಡಿದುಕೊಂಡೆ. ಬಂಡೆ ಉರುಳಿತು, ನೋಡ್ತಾ ನಿಂತಿರ್ತಾಳೆ ಎಂದೆ. ಹಾವು ಬಂತು, ನೋಡ್ತಾ ನಿಂತಿರ್ತಾಳೆ ಎಂದೆ. ವಾರವೆಲ್ಲ ಎರಡೆರಡು ಪಾಳಿ ಮಾಡಿ ಕಣ್ಣು ಎಳೆಯುತ್ತಿದ್ದುದರಿಂದಲೋ ಏನೋ, ದನಿ ಈ ಸಲ ತಾನಾಗಿ ಸರಿಬಂತು. ಜೆರಾಕ್ಸ್ ಮಾಮ ಮೆಚ್ಚಿ ತಲೆಯಾಡಿಸಿದರು. ಗುಬ್ಬಿ ಬಿಸ್ಕತ್ತಿನ ಪೊಟ್ಟಣವನ್ನು ಮೊದಲು ನನ್ನ ಕಡೆ ಸರಿಸಿದಳು.

ನಾಲ್ಕೂವರೆಗೆ ಜೇಬಿನಲ್ಲಿ ಫೋನ್ ನಡುಗಿತು. ಸ್ಪ್ಯಾನರ್. ಮೂವರು ಒಳಗಿದ್ದಾರೆ, ನಾಲ್ಕಕ್ಕೂ ಐದಕ್ಕೂ ನಡುವೆ, ಬ್ರೇಕ್ ಬಿಡುತ್ತಿಲ್ಲ, ಹಳೇ ಮಾದರಿ, ನೀವೇ ಬರಬೇಕು ಅಣ್ಣ ಎಂದ. ಅವನ ದನಿ ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು. ಮಗಳು ಕಥೆ ನಿಲ್ಲಿಸಿದಳು. ಅವಳ ಕೈ ಕಲ್ಲಕ್ಕನ ಹಾಳೆಯ ಅಂಚಿಗೆ ಹೋಯಿತು. ಎಳೆದುಕೊಳ್ಳಲಿಲ್ಲ, ಅಲ್ಲೇ ಇಟ್ಟುಕೊಂಡು ಕೂತಳು.

ನಾನು ಹೋಗಿ ತಲುಪಲು ನಲವತ್ತು ನಿಮಿಷ ಬೇಕು. ಅವನು ಅಲ್ಲೇ ಇದ್ದಾನೆ. ಕೂತಲ್ಲಿಂದಲೇ ಹೇಳತೊಡಗಿದೆ. ಮೇಲಿನ ಮೆಷಿನ್ ರೂಮಿನಲ್ಲಿ ಮೊದಲು ಕರೆಂಟ್ ತೆಗಿ, ತೆಗೆದದ್ದನ್ನು ಇನ್ನೊಮ್ಮೆ ನೋಡು. ಬ್ರೇಕಿನ ಸನ್ನೆಕೋಲು ಬಿಗಿಯಾಗಿದ್ದರೆ ಹೊಡೆಯಬೇಡ, ಎಡಗಡೆಯ ಬೋಲ್ಟಿಗೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿ. ಕಾಯುವಾಗ ಒಳಗಿನವರಿಗೆ ಏನು ಹೇಳಬೇಕು ಎಂದು ಅವನು ಕೇಳಿದ. ಹದಿನೈದು ನಿಮಿಷ ಆಗುತ್ತೆ ಅಂತಲೇ ಹೇಳು, ಐದು ಅನ್ನಬೇಡ ಎಂದೆ. ಸನ್ನೆಕೋಲು ಸಡಿಲವಾಯಿತು. ಚಕ್ರವನ್ನು ಕೈಯಿಂದ ಒಂದೊಂದೇ ಗೇಣು ತಿರುಗಿಸು, ಹಗ್ಗದ ಮೇಲಿನ ಗುರುತು ನೆಲಕ್ಕೆ ಸರಿಬಂದಾಗ ಬಿಡು. ಆ ಹದಿನೈದು ನಿಮಿಷ ಜೆರಾಕ್ಸ್ ಮಾಮ, ಗುಬ್ಬಿ ಇಬ್ಬರೂ ಮೇಜಿನ ಅಂಚು ಹಿಡಿದು, ಲಿಫ್ಟಿನೊಳಗೆ ತಾವೇ ಇದ್ದಂತೆ ಕೂತಿದ್ದರು. ಬಾಗಿಲು ತೆರೀತು ಅಣ್ಣ, ಮೂರೂ ಜನ ಹೊರಗೆ ಬಂದರು ಎಂದು ಸ್ಪ್ಯಾನರ್ ಹೇಳಿದಾಗ ಗುಬ್ಬಿ ಚಪ್ಪಾಳೆ ತಟ್ಟಿದಳು.

ಮಗಳು ಹಾಳೆಯಿಂದ ಕೈ ತೆಗೆದು ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು.

ಐದೂಕಾಲಿಗೆ ಊರಬಾಗಿಲು ಬಂತು. ಮಗಳು ದನಿ ಬದಲಿಸಿದಳು. ಇಷ್ಟು ವರ್ಷ ನೀನು ಏನು ಕಂಡೆ ಎಂದು ಬಾಗಿಲು ಕೇಳಿತು. ನಾನು ಜೇಬಿನಿಂದ ಒಂದೂವರೆ ಪುಟ ತೆಗೆದು ಬಿಡಿಸಿದೆ. ನಾನು ನದಿಗಳನ್ನು ಕಂಡೆ ಎಂದು ಓದತೊಡಗಿದೆ. ಮೂರನೇ ಸಾಲಿಗೆ ತಲೆಯೆತ್ತಿದಾಗ ಮಗಳ ಮುಖ ಕಂಡಿತು. ಬೇಸರವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಐದೇ ನಿಮಿಷ ಎಂದು ನಾನು ಹೇಳಿದಾಗಲೆಲ್ಲ ಅವಳು ಚಿಕ್ಕಂದಿನಿಂದ ಹಾಗೇ ಕೇಳಿಸಿಕೊಂಡವಳು.

ನಾನು ಹಾಳೆ ಮಡಚಿ ಕೆಳಗಿಟ್ಟೆ. ನರ್ಸಕ್ಕನಿಗೆ ಕೊಟ್ಟ ಮಾತು ನೆನಪಿತ್ತು, ಅವರ ವಿಷಯ ಎತ್ತುವಂತಿಲ್ಲ. ಆದರೆ ಕಲ್ಲಕ್ಕ ಈಗ ನನ್ನವಳು.

"ಏನೂ ಕಾಣ್ಲಿಲ್ಲ," ಎಂದೆ. "ನಾನು ನಿದ್ದೆ ಮಾಡ್ತಿದ್ದೆ. ಕಣ್ಣು ಬಿಟ್ಕೊಂಡೇ."

ಗುಬ್ಬಿಯ ಕೈಯಿಂದ ಬಿಸ್ಕತ್ತು ಚಹಾದೊಳಗೆ ಬಿತ್ತು. ಸೇತುವೆ ಹತ್ತಿರ ಕೂಡ ಎಂದು ಕೇಳಿದಳು. ಸೇತುವೆ ಹತ್ತಿರ ಚೆನ್ನಾಗಿ ನಿದ್ದೆ ಬಂದಿತ್ತು ಎಂದೆ. ಹನ್ನೊಂದು ಮಾತು ಎಂದಳು, ದನಿ ಅರ್ಧಕ್ಕೆ ಬಿತ್ತು. ಕನವರಿಕೆ ಎಂದೆ. ಅವಳು ಪುಸ್ತಕವನ್ನು ಮುಚ್ಚಿ, ಮತ್ತೆ ತೆರೆದು, ಯುದ್ಧದ ಪುಟವನ್ನು ಓದಿಕೊಂಡು ತಲೆಯ ಮೇಲೆ ಕೈ ಇಟ್ಟುಕೊಂಡಳು.

ಮಗಳು ನಗಲಿಲ್ಲ. ಅವಳು ಬಾಗಿಲಾಗಿದ್ದಳು. ಪೆನ್ಸಿಲನ್ನು ಬೆರಳ ಮೇಲೆ ಉರುಳಿಸುತ್ತಾ ಬಹಳ ಹೊತ್ತು ನನ್ನನ್ನೇ ನೋಡಿದಳು. ಮುಚ್ಚಿಯೇ ಇರುತ್ತದೆ ಎಂದುಕೊಂಡೆ. ಆಗ ಬಾಗಿಲಿನ ದನಿಯಲ್ಲೇ ಕೇಳಿದಳು.

"ಹಾಗಾದ್ರೆ ಕಾವಲು ಯಾರು ಕಾದರು?"

"ಇವರಿಬ್ಬರು," ಎಂದು ಮಾಮನನ್ನೂ ಗುಬ್ಬಿಯನ್ನೂ ತೋರಿಸಿದೆ. "ನಾನು ಎಚ್ಚರ ಇದೀನಿ ಅಂದ್ಕೊಂಡು ಇವರು ಎಚ್ಚರ ಇದ್ರು. ನನಗೆ ಊರು ತಪ್ಪಿತ್ತು, ಮನೆ ತಪ್ಪಿತ್ತು, ನಾಲ್ಕು ವರ್ಷ ನಡೆದು ನಡೆದು ಸಾಕಾಗಿತ್ತು. ಇವರ ಪಕ್ಕ ನಿಂತ್ರೆ ಯಾರೂ ನನ್ನ ಎಬ್ಬಿಸ್ತಿರ್ಲಿಲ್ಲ. ನಾನು ಕಂಡದ್ದು ಅಷ್ಟೇ."

ಜೆರಾಕ್ಸ್ ಮಾಮ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸತೊಡಗಿದರು. ಶನಿವಾರ ರಾತ್ರಿ ಪಾಳಿ ಇರುತ್ತಿತ್ತು ಅಲ್ಲವಾ ಆಕೆಗೆ ಎಂದು ಯಾರಿಗೂ ಅಲ್ಲದಂತೆ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದರೆ ಒಂದು ದಿಂಬು ತಂದಿಡಬಹುದಿತ್ತು ಎಂದರು. ಗುಬ್ಬಿ ನಗತೊಡಗಿದಳು, ಆಮೇಲೆ ಮಾಮ, ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಲ್ಲಿಸಲಾಗದೆ ನಕ್ಕರು. ವಿಷದ ಬಾವಿ ಎಂದು ಒಬ್ಬರೆಂದರೆ, ಪಾಪ ಆ ರಾಜ ಎಂದು ಇನ್ನೊಬ್ಬರು.

ಮಗಳು ತನ್ನ ಕಡತದ ಕೊನೆಯ ಹಾಳೆಯಲ್ಲಿ ಏನೋ ಬರೆದಿದ್ದುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಬರೆದಳು. ದಾಳ ಉರುಳಿಸಬೇಕೇ ಎಂದು ಕೇಳಿದೆ. ಬೇಡ ಎಂದಳು. ಬಾಗಿಲು ತೆರೆಯಿತು ಎಂದಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಊರೊಳಗೆ ಹೋದ ಮೇಲೆ ಯಾರು ಏನು ಮಾಡಿದರು ಎಂದು ಹೇಳಬೇಕಿತ್ತು. ರಾಕ್ಷಸ ತನ್ನ ಹಳೆಯ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡ, ಅವನನ್ನು ಬಿಡಿಸುವ ಕೆಲಸ ಎಲ್ಲರೂ ಒಟ್ಟಾಗಿ ನನಗೆ ಒಪ್ಪಿಸಿದರು, ಎಷ್ಟು ಬೇಕಾದರೂ ಮಾತಾಡು ಕಲ್ಲಕ್ಕ ಎಂದರು. ಜೇಬುಗಳ್ಳ ಕದ್ದದ್ದನ್ನೆಲ್ಲ ಹಿಂದಿರುಗಿಸಲು ಮನೆಮನೆ ಅಲೆದ, ಅದು ಒಂದು ಗಂಟೆ ಹಿಡಿಯಿತು, ಏಕೆಂದರೆ ಮಾಮನಿಗೆ ಯಾರ ಮನೆಯಲ್ಲಿ ಏನು ಕದ್ದದ್ದು ಎಂದು ಒಂದೊಂದೂ ನೆನಪಿತ್ತು. ಮಗಳು ಎಲ್ಲರ ಮನೆಯ ದೀಪ ಹಚ್ಚಿಸಿ, ಕಡತ ಮುಚ್ಚಿ, ಮುಗೀತು ಎಂದಾಗ ಏಳು ಗಂಟೆ ಹತ್ತು ನಿಮಿಷ.

ನಾನು ಎರಡು ಗಂಟೆಗೆ ಕೂತಿದ್ದೆ. ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಕೊಟ್ಟ ಮಾತು ನಡೆಯಿತು.